ಪೆಡ್ಡರ್ ರೋಡ್ ಎರಡು ಸಲ ಬರುತ್ತದೆ

ಓದುಗರ ಪ್ರಶ್ನೆ, ಓಟಗಾರ್ತಿಯ ಉತ್ತರ

ಕಳೆದ ತಿಂಗಳು ಈ ಅಂಕಣದಲ್ಲಿ ಮುಂಬೈ ಮ್ಯಾರಥಾನ್ ಬಗ್ಗೆ ಎರಡೇ ಸಾಲು ಬರೆದಿದ್ದೆ. ಅಷ್ಟಕ್ಕೇ ಕಾಗದ, ಮೆಸೇಜು ರಾಶಿ ಬಿದ್ದಿವೆ. ಹಾಗಾಗಿ ಈ ಸಲ ಪೂರ್ತಿ ಅದೇ ಮಾತು. ಹೊಸಬರಿಗೆ ನನ್ನ ಪರಿಚಯ: ಊರು ಕುಮಟಾ. ಬ್ಯಾಂಕ್ ಕೆಲಸಕ್ಕೆ ಮುಂಬೈಗೆ ಬಂದು 26 ವರ್ಷ ಆಯಿತು, ಮನೆ ಮುಲುಂಡ್‌ನಲ್ಲಿ. ಓಡಲು ಶುರು ಮಾಡಿದ್ದು 43ನೇ ವಯಸ್ಸಿಗೆ, ಸಕ್ಕರೆ ಕಾಯಿಲೆ ಹೊಸಿಲಿಗೆ ಬಂದು ನಿಂತಿದೆ ಎಂದು ಡಾಕ್ಟರು ಹೆದರಿಸಿದಾಗ. ಪೂರ್ತಿ ಮ್ಯಾರಥಾನ್, ಅಂದರೆ 42.2 ಕಿ.ಮೀ., ನಾಲ್ಕು ಸಲ ಓಡಿದ್ದೇನೆ: 2019, 2020, 2023, 2024. ನಡುವಿನ ಎರಡು ವರ್ಷ ಕೊರೊನಾದಿಂದ ಓಟವೇ ಇರಲಿಲ್ಲ. ನಾನು ಕೋಚ್ ಅಲ್ಲ. ನನ್ನ ಅತಿ ಒಳ್ಳೆಯ ಟೈಮಿಂಗ್ 5 ಗಂಟೆ 19 ನಿಮಿಷ. ನಗುವವರು ಈಗಲೇ ನಕ್ಕು ಮುಗಿಸಿ.

ಪ್ರಶ್ನೆ: ನಾನು 10 ಕಿ.ಮೀ.ಯನ್ನು 55 ನಿಮಿಷದಲ್ಲಿ ಓಡುತ್ತೇನೆ. ಆ ಲೆಕ್ಕದಲ್ಲಿ ಮುಂಬೈ ಮ್ಯಾರಥಾನ್ 4 ಗಂಟೆಯೊಳಗೆ ಮುಗಿಯಬೇಕು. ಲೆಕ್ಕ ಸರಿ ಇದೆಯಾ? (ಉಪನ್ಯಾಸಕ, ಹಾವೇರಿ)

ಲೆಕ್ಕ ಸರಿ ಇದೆ ಮೇಷ್ಟ್ರೇ. ಕಾಲಿಗೆ ಲೆಕ್ಕ ಬರುವುದಿಲ್ಲ, ಅಷ್ಟೇ.

ಮೊದಲು ದಾರಿ ಹೇಳುತ್ತೇನೆ. ಅದು ಆಗಾಗ ಸ್ವಲ್ಪ ಬದಲಾಗುತ್ತದೆ. ಇದು ನಾನು ಓಡಿದ ವರ್ಷಗಳದ್ದು. ಜನವರಿಯ ಮೂರನೇ ಭಾನುವಾರ, ಇನ್ನೂ ಕತ್ತಲಿರುವಾಗಲೇ ಸಿಎಸ್‌ಎಂಟಿ (ಛತ್ರಪತಿ ಶಿವಾಜಿ ಮಹಾರಾಜ ಟರ್ಮಿನಸ್, ಹಳೆಯ ವಿ.ಟಿ.) ಸ್ಟೇಷನ್ ಎದುರಿನಿಂದ ಬಿಡುತ್ತಾರೆ. ಮರೀನ್ ಡ್ರೈವ್, ಚೌಪಾಟಿ, ಪೆಡ್ಡರ್ ರೋಡಿನ ಏರು, ಹಾಜಿ ಅಲಿ, ವರ್ಳಿ. ಅಲ್ಲಿಂದ ಸೀ ಲಿಂಕ್, ಅಂದರೆ ಸಮುದ್ರದ ಮೇಲಿನ ಸೇತುವೆ ದಾಟಿ ಬಾಂದ್ರಾ. ಆಮೇಲೆ ಮಾಹಿಮ್, ಶಿವಾಜಿ ಪಾರ್ಕ್, ಪ್ರಭಾದೇವಿ ಅಂತ ವಾಪಸ್ ತಿರುಗಿ ಮತ್ತೆ ಅದೇ ಹಾಜಿ ಅಲಿ, ಮತ್ತೆ ಅದೇ ಪೆಡ್ಡರ್ ರೋಡ್. ಎರಡನೇ ಸಲ ಆ ಏರು ಬರುವುದು 35 ಕಿ.ಮೀ. ಆಸುಪಾಸಿನಲ್ಲಿ. ಮೊದಲ ಸಲ ಅದು ಏರು ಅಂತ ಗೊತ್ತೇ ಆಗುವುದಿಲ್ಲ. ಗೊತ್ತಾಗದೆ ಇರುವುದೇ ಮೋಸ.

2019ರಲ್ಲಿ ನನ್ನ ಪ್ಲ್ಯಾನ್ ಕಿಲೋಮೀಟರಿಗೆ 7 ನಿಮಿಷ 20 ಸೆಕೆಂಡು. ಕಾಗದದ ಮೇಲೆ ಬರೆದು, ಫ್ರಿಜ್ ಮೇಲೆ ಒಂದು ತಿಂಗಳು ಅಂಟಿಸಿದ್ದೆ. ಓಟ ಶುರುವಾಯಿತು. ತಂಪು ಗಾಳಿ, ಹತ್ತು ದಿನ ವಿಶ್ರಾಂತಿ ತಿಂದ ಕಾಲು, ಮರೀನ್ ಡ್ರೈವ್‌ನಲ್ಲಿ ಬ್ಯಾಂಡು, ಸುತ್ತ ಸಾವಿರಾರು ಜನ. ಮೊದಲ 5 ಕಿ.ಮೀ. 6:30ರ ಹಾಗೆ ಓಡಿಬಿಟ್ಟೆ. ವಾಚು ಪ್ರತಿ ಕಿಲೋಮೀಟರಿಗೂ ನಡುಗಿ ನಡುಗಿ ಹೇಳುತ್ತಿತ್ತು. ಇವತ್ತು ನನ್ನ ದಿನ, ಸುಮ್ನಿರು ಅಂದುಕೊಂಡೆ. ಅರ್ಧ ದಾರಿಗೆ 2 ಗಂಟೆ 24 ನಿಮಿಷ. ಮನಸ್ಸಿನಲ್ಲೇ ಆಫೀಸಿನವರಿಗೆ ಪೇಡೆ ಹಂಚಿಯೂ ಆಗಿತ್ತು.

ಶಿವಾಜಿ ಪಾರ್ಕ್ ಹತ್ತಿರ ತೊಡೆಗೆ ಯಾರೋ ಒದ್ದೆ ಗೋಣಿಚೀಲ ಕಟ್ಟಿದ ಹಾಗಾಯಿತು. ಇದಕ್ಕೆ ಓಟಗಾರರು ‘ವಾಲ್’ ಅನ್ನುತ್ತಾರೆ, ಗೋಡೆ. ನಾವು ತಿಂದ ಅನ್ನ, ರೊಟ್ಟಿಯ ಸಕ್ಕರೆಯನ್ನು ಮೈ ತನ್ನ ಸ್ನಾಯು ಮತ್ತು ಲಿವರಿನಲ್ಲಿ ಕೂಡಿಡುತ್ತದೆ. ಅದು ಹೆಚ್ಚಿನವರಿಗೆ 30 ಕಿ.ಮೀ. ಸುಮಾರಿಗೆ ತಳ ಕಾಣುತ್ತದೆ. ಅವಸರ ಮಾಡಿದರೆ ಇನ್ನೂ ಬೇಗ. ಆಮೇಲೆ ಉಳಿಯುವುದು ಕೊಬ್ಬು. ಆ ಸಕ್ಕರೆ ಒಣ ತೆಂಗಿನ ಗರಿ ಇದ್ದ ಹಾಗೆ, ಭಗ್ ಅಂತ ಹತ್ತಿಕೊಳ್ಳುತ್ತದೆ. ಕೊಬ್ಬು ಹಸಿ ಸೌದೆ. ಉರಿಯುತ್ತದೆ, ಆದರೆ ನೀವು ಕೇಳಿದ ಹೊತ್ತಿಗೆ ಅಲ್ಲ.

ಹಾಜಿ ಅಲಿಗೆ ಬಂದಾಗ ಹತ್ತು ಗಂಟೆ. ಬಿಸಿಲು ನೆತ್ತಿಗೆ ಏರಿತ್ತು. ಪೆಡ್ಡರ್ ರೋಡಿನ ಏರಿನ ಮಧ್ಯೆ ಎಡಗಾಲಿನ ಮೀನಖಂಡ ಕಲ್ಲಾಗಿ ನಿಂತುಬಿಟ್ಟಿತು. ಕೈಯಲ್ಲಿ ಮುಟ್ಟಿದರೆ ಒಳಗೆ ನಿಂಬೆಹಣ್ಣಿನ ಹಾಗೊಂದು ಗಂಟು. ಫುಟ್‌ಪಾತ್ ಅಂಚಿನಲ್ಲಿ ಕೂತೆ. ಅಲ್ಲೊಬ್ಬರು ಗುಜರಾತಿ ಅಜ್ಜಿ, ನೈಟಿ ಮೇಲೆ ದುಪಟ್ಟಾ ಹೊದ್ದು ನಿಂತಿದ್ದರು. ಕೈಯಲ್ಲಿ ಸ್ಟೀಲ್ ತಟ್ಟೆ. ಒಂದು ಬದಿ ಸುಲಿದ ಕಿತ್ತಳೆ ತೊಳೆ, ಇನ್ನೊಂದು ಬದಿ ಉಪ್ಪಿನ ಗುಡ್ಡೆ. ನಾನು ಕಿತ್ತಳೆಗೆ ಕೈ ಹಾಕಿದರೆ ಕೈ ಸರಿಸಿ, “ಪೆಹಲೇ ನಮಕ್, ಬೇಟಾ” ಅಂದರು. ಮೊದಲು ಉಪ್ಪು. ಅವರ ಮೊಮ್ಮಗ ಇರಬೇಕು, ಹತ್ತು ವರ್ಷದವನು, ನೋವಿನ ಸ್ಪ್ರೇ ಹಿಡಿದು ಕಾದಿದ್ದ. ಬುಸ್ ಅಂತ ಹೊಡೆದ, ಅರ್ಧ ನನ್ನ ಕಾಲುಚೀಲದ ಮೇಲೆ, ಅರ್ಧ ಅಜ್ಜಿಯ ಕಿತ್ತಳೆ ಮೇಲೆ. ಅಜ್ಜಿ ಅವನಿಗೆ ಗುಜರಾತಿಯಲ್ಲಿ ಬೈಯುತ್ತಿದ್ದಾಗ ನಾನು ಎದ್ದೆ. ಆ ಉಪ್ಪಿನಿಂದ ಎದ್ದೆನೋ, ಬೈಗುಳದ ಸದ್ದಿಗೆ ಎದ್ದೆನೋ ಗೊತ್ತಿಲ್ಲ.

ಉಳಿದದ್ದು ಹೆಚ್ಚುಕಡಿಮೆ ನಡೆದೇ ಮುಗಿಸಿದೆ. ಕೊನೆಯ 200 ಮೀಟರ್ ಮಾತ್ರ ಓಡಿದೆ, ಅಲ್ಲಿ ಫೋಟೊ ತೆಗೆಯುತ್ತಾರೆ ಅಲ್ವಾ. 5 ಗಂಟೆ 52 ನಿಮಿಷ. ಮೊದಲ 5 ಕಿ.ಮೀ.ಯಲ್ಲಿ ನಾನು ಉಳಿಸಿದ್ದು 4 ನಿಮಿಷ. ಕೊನೆಯ 12ರಲ್ಲಿ ಕಳೆದದ್ದು ಮುಕ್ಕಾಲು ಗಂಟೆ. ಬ್ಯಾಂಕಿನಲ್ಲಿ ಕೂತು ಬೇರೆಯವರಿಗೆ ಸಾಲದ ಬಡ್ಡಿ ವಿವರಿಸುವವಳು ನಾನು.

ನಿಮ್ಮ ವಿಷಯಕ್ಕೆ ಬರೋಣ. ನಾಲ್ಕು ಗಂಟೆ ಮರೆತುಬಿಡಿ, ಮೊದಲ ಸಲ ನಾಲ್ಕೂವರೆಯೊಳಗೆ ಬಂದರೂ ಹಾವೇರಿಯಲ್ಲಿ ಮೆರವಣಿಗೆ ಮಾಡಿಸಿಕೊಳ್ಳಬಹುದು. ಡಿಸೆಂಬರ್ ಮುಗಿಯುವುದರೊಳಗೆ 28ರಿಂದ 32 ಕಿ.ಮೀ.ಯ ಓಟ ಮೂರಾದರೂ ಆಗಿರಲಿ. ಓಟದ ದಿನ ಟೈಮಿಂಗ್ ಬರೆದ ಬಾವುಟ ಹಿಡಿದು ಓಡುವ ಪೇಸರ್‌ಗಳು ಇರುತ್ತಾರೆ. ಅವರ ಹಿಂದಿನ ಗುಂಪಿಗೆ ನಾವು ‘ಬಸ್’ ಅನ್ನುತ್ತೇವೆ. ನಿಮಗಿಂತ ನಿಧಾನದ ಬಸ್ ಹತ್ತಿ. 2020ರಲ್ಲಿ ನಾನು ಹಾಗೇ ಮಾಡಿದೆ. ಮೊದಲ ಗಂಟೆಯೆಲ್ಲ ಅವಮಾನ ಆದ ಹಾಗಿತ್ತು, ತುಂಬು ಬಸುರಿಯ ಹಾಗೆ ಹೆಜ್ಜೆ ಇಡುತ್ತಿದ್ದೆ. ಪೆಡ್ಡರ್ ರೋಡನ್ನು ಓಡಿಯೇ ಹತ್ತಿದೆ. ಅಜ್ಜಿಯನ್ನು ಹುಡುಕಿದೆ, ಕಾಣಲಿಲ್ಲ.

ಪ್ರಶ್ನೆ: ಸೀ ಲಿಂಕ್ ಮೇಲೆ ಓಡುವುದು ಹೇಗಿರುತ್ತದೆ? ಟಿವಿಯಲ್ಲಿ ನೋಡಿ ಆಸೆಯಾಗಿದೆ. (ಮೊಬೈಲ್ ಅಂಗಡಿ, ಶಿವಮೊಗ್ಗ)

2009ರಲ್ಲಿ ತೆರೆದ ಸೇತುವೆ ಅದು, 5.6 ಕಿ.ಮೀ. ಉದ್ದ. ಬೇರೆ ದಿನ ನಡೆದು ಹೋಗಲು ಬಿಡುವುದಿಲ್ಲ, ಬೈಕಿಗೂ ಪ್ರವೇಶ ಇಲ್ಲ. ಹಾಗಾಗಿ ಕಾಲಲ್ಲಿ ದಾಟುವುದೇ ಒಂದು ಖುಷಿ.

ನನಗೆ ನೆನಪಿರುವುದು ಸದ್ದು. ಅಲ್ಲಿಯವರೆಗೆ ರಸ್ತೆ ಬದಿಯಲ್ಲಿ ಡೋಲು, ಚಪ್ಪಾಳೆ, ಹಾಡು. ಸೇತುವೆ ಹತ್ತಿದ ಮೇಲೆ ನೋಡುವವರು ಯಾರೂ ಇಲ್ಲ. ಬರೀ ಶೂಗಳ ಸದ್ದು, ಹಂಚಿನ ಮೇಲೆ ಮಳೆ ಬಿದ್ದ ಹಾಗೆ. ಯಾರೂ ಮಾತಾಡುವುದಿಲ್ಲ. ಬಲಗಡೆ ಮಾಹಿಮ್ ಕೊಲ್ಲಿಯ ಕಡೆ ನಿಧಾನ ಬೆಳಕು ಹರಿಯುತ್ತದೆ, ಎಡಗಡೆ ಸಮುದ್ರ ಇನ್ನೂ ಕಪ್ಪು. ಸೇತುವೆಯ ಬುಡದಲ್ಲೇ ವರ್ಳಿಯ ಕೋಳಿವಾಡ, ಅಂದರೆ ಮೀನುಗಾರರ ಕೇರಿ. ಒಣಮೀನಿನ ವಾಸನೆ ಗಾಳಿಯಲ್ಲಿ ಬರುತ್ತದೆ. ಪಕ್ಕದಲ್ಲಿ ಓಡುತ್ತಿದ್ದವರು ಮೂಗು ಮುಚ್ಚಿಕೊಂಡರು. ನನಗೆ ಕುಮಟಾದ ಮೀನುಪೇಟೆ ನೆನಪಾಗಿ ಹಸಿವಾಯಿತು.

ಒಂದು ಎಚ್ಚರಿಕೆ. ಮುಂದೆ ಓಡುತ್ತಿರುವವರು ಸೆಲ್ಫಿಗಾಗಿ ಗಕ್ಕನೆ ನಿಲ್ಲುತ್ತಾರೆ. ನಾನು ಒಬ್ಬರ ಬೆನ್ನಿಗೆ ಡಿಕ್ಕಿ ಹೊಡೆದಿದ್ದೇನೆ. ಅವರ ಫೋಟೊದಲ್ಲಿ ನನ್ನ ಮುಖ ಹೇಗೆ ಬಂದಿದೆಯೋ.

ಪ್ರಶ್ನೆ: ನನಗೆ 44. ಟ್ರ್ಯಾಕ್ ಪ್ಯಾಂಟ್ ಹಾಕಿ ಓಡಿದರೆ ಓಣಿಯವರು ನೋಡುತ್ತಾರೆ. ಈ ವಯಸ್ಸಿಗೆ ಯಾಕೆ ಬೇಕು ಅಂತ ಅತ್ತೆ ಕೇಳುತ್ತಾರೆ. ಅಲ್ಲಿ ನನ್ನಂಥವರು ಇರುತ್ತಾರಾ? (ಗೃಹಿಣಿ, ಧಾರವಾಡ)

ಇರುತ್ತಾರೆ ತಂಗಿ, ಬೇಕಾದಷ್ಟು. ಅದೇ ದಿನ ಡ್ರೀಮ್ ರನ್ ಅಂತ ಸುಮಾರು 6 ಕಿ.ಮೀ.ಯದು ಇನ್ನೊಂದು ಇರುತ್ತದೆ, ಅಲ್ಲಿ ಒಂಬತ್ತು ಗಜದ ನೌವಾರಿ ಸೀರೆ ಉಟ್ಟು, ಮೂಗಿಗೆ ನತ್ತು ಹಾಕಿ ಬರುತ್ತಾರೆ. ಹಿರಿಯ ನಾಗರಿಕರಿಗೂ ಬೇರೆ ಓಟ ಇದೆ. ಅತ್ತೆಯನ್ನೂ ಕರೆದುಕೊಂಡು ಹೋಗಬಹುದು.

ಹೆಂಗಸರಿಗೆ ಇದು ಆಗುವುದಿಲ್ಲ ಅಂತ ಹೇಳಿದ್ದು ನಿಮ್ಮ ಅತ್ತೆ ಮಾತ್ರ ಅಲ್ಲ. ಒಲಿಂಪಿಕ್ಸ್‌ನಲ್ಲಿ ಗಂಡಸರ ಮ್ಯಾರಥಾನ್ 1896ರಿಂದಲೇ ಇತ್ತು. ಹೆಂಗಸರಿಗೆ ಶುರುವಾಗಿದ್ದು 1984ರಲ್ಲಿ, ಲಾಸ್ ಏಂಜಲೀಸ್‌ನಲ್ಲಿ. ಅಮೆರಿಕದ ಜೋನ್ ಬೆನೊಯಿಟ್ ಗೆದ್ದರು. ಆಗ ನಾನು ಶಾಲೆಗೆ ಹೋಗುತ್ತಿದ್ದೆ, ನಮ್ಮ ಆಟದ ಪಿರಿಯಡ್ಡಿನಲ್ಲಿ ಹುಡುಗಿಯರಿಗೆ ಲಗೋರಿ ಬಿಟ್ಟರೆ ಏನೂ ಇರಲಿಲ್ಲ.

ಇನ್ನು ಯಾರೂ ಬರೆಯದ ವಿಷಯ. ಚರ್ಮ ಉಜ್ಜುವ ಕಡೆಯೆಲ್ಲ, ತೊಡೆ ಸಂದು, ಕಂಕುಳು, ಬ್ರಾ ಪಟ್ಟಿಯ ಕೆಳಗೆ, ವ್ಯಾಸಲೀನ್ ದಪ್ಪ ಹಚ್ಚಿ. ಉಳಿಸಬೇಡಿ. ನಾನು 2019ರಲ್ಲಿ ಜಿಪುಣತನ ಮಾಡಿದೆ. ಮನೆಗೆ ಬಂದು ಬಿಸಿನೀರು ಹೊಯ್ದುಕೊಂಡಾಗ ಕಿರುಚಿದ ಕಿರುಚಿಗೆ ಎದುರು ಫ್ಲ್ಯಾಟಿನವರು ಬೆಲ್ ಮಾಡಿದರು. ಮುಟ್ಟಿನ ದಿನ ಅದೇ ಭಾನುವಾರ ಬಂದರೆ ಏನು ಮಾಡುವುದು ಅಂತ ತರಬೇತಿಯ ಲಾಂಗ್ ರನ್‌ನಲ್ಲೇ ಪರೀಕ್ಷೆ ಮಾಡಿಕೊಳ್ಳಿ. ಹೊಸದನ್ನು ಓಟದ ದಿನ ಮಾಡಬಾರದು. ಬಟ್ಟೆಗೂ ಅಷ್ಟೇ, ಶೂಗೂ ಅಷ್ಟೇ, ತಿಂಡಿಗೂ ಅಷ್ಟೇ. ಟಾಯ್ಲೆಟ್ಟಿನ ಸಾಲಿನಲ್ಲಿ ಓಟಕ್ಕೆ ಒಂದು ಗಂಟೆ ಮೊದಲೇ ನಿಲ್ಲಿ, ಬೇಕು ಅನ್ನಿಸದಿದ್ದರೂ.

ಓಣಿಯವರು ನೋಡುತ್ತಾರೆ, ಹೌದು. ಮೂರು ವಾರ ನೋಡುತ್ತಾರೆ. ನಾಲ್ಕನೇ ವಾರ, ಬೆಳಿಗ್ಗೆ ಓಡಿ ಬರುವಾಗ ಹಾಲು ತಂದುಕೊಡ್ತೀರಾ ಅಂತ ಕೇಳುತ್ತಾರೆ. ನನಗೆ ಹಾಗೇ ಆಯಿತು.

ಪ್ರಶ್ನೆ: ಬಾಯಾರಿಕೆ ಆಗುವ ಮೊದಲೇ ನೀರು ಕುಡಿಯುತ್ತಲೇ ಇರಬೇಕು ಅಂತಾರಲ್ಲ? (ಔಷಧಿ ಅಂಗಡಿ, ಬಳ್ಳಾರಿ)

ಬೇಡ. ಬರೀ ನೀರನ್ನೇ ಹೊಟ್ಟೆ ತುಂಬಾ ಕುಡಿದರೆ ರಕ್ತದ ಸೋಡಿಯಂ ಇಳಿಯುತ್ತದೆ. 2002ರ ಬಾಸ್ಟನ್ ಮ್ಯಾರಥಾನ್ ಮುಗಿಸಿದ 488 ಮಂದಿಯ ರಕ್ತ ಪರೀಕ್ಷೆ ಮಾಡಿದಾಗ ಶೇ 13ರಷ್ಟು ಮಂದಿಗೆ ಹೀಗಾಗಿತ್ತು. ಅದರಲ್ಲಿ ನನ್ನಂಥ ನಿಧಾನದವರದ್ದೇ ಜಾಸ್ತಿ ಪಾಲು. ಯಾಕಂದರೆ ನಮಗೆ ಕುಡಿಯಲು ಪುರುಸೊತ್ತು ಇರುತ್ತದೆ. ಓಡಿದ ಮೇಲೆ ತೂಕ ಏರಿದ್ದರೆ ಅದು ಕೆಟ್ಟ ಸೂಚನೆ. ಬಾಯಾರಿದಾಗ ಎರಡು ಮೂರು ಗುಟುಕು, ಜೊತೆಗೆ ಉಪ್ಪು ಸಕ್ಕರೆ ಇರುವ ಎಲೆಕ್ಟ್ರಾಲ್ ತರಹದ್ದು. ಮುಂಬೈಯ ಸೆಕೆಗೆ ಬೆವರು ಜಾಸ್ತಿ, ನನ್ನ ಕಪ್ಪು ಟೀಶರ್ಟ್ ಮೇಲೆ ಉಪ್ಪಿನ ಭೂಪಟವೇ ಮೂಡುತ್ತದೆ. ಬಿಪಿ, ಕಿಡ್ನಿ ತೊಂದರೆ ಇದ್ದವರು ನನ್ನ ಮಾತು ಬಿಟ್ಟು ಡಾಕ್ಟರನ್ನು ಕೇಳಿ.

ಪ್ರಶ್ನೆ: ಕೀನ್ಯಾ, ಇಥಿಯೋಪಿಯಾದ ಚಾಂಪಿಯನ್‌ಗಳನ್ನು ಹತ್ತಿರದಿಂದ ನೋಡಿದ್ದೀರಾ? (ವಿದ್ಯಾರ್ಥಿ, ಮಂಗಳೂರು)

ಬೆನ್ನು ನೋಡಿದ್ದೇನೆ ತಮ್ಮಾ. ಅವರನ್ನು ನಮಗಿಂತ ಸುಮಾರು ಎರಡು ಗಂಟೆ ತಡವಾಗಿ ಬಿಡುತ್ತಾರೆ. 2023ರಲ್ಲಿ ನಾನು 27 ಕಿ.ಮೀ. ಹತ್ತಿರ ಇದ್ದಾಗ ಹಿಂದಿನಿಂದ ಪೊಲೀಸ್ ಬೈಕಿನ ಸೈರನ್ ಕೇಳಿತು. ಬದಿಗೆ ಸರಿದು ನಿಂತೆ. ಏಳೆಂಟು ಜನ ಹೋದರು. ಉಸಿರಿನ ಸದ್ದೇ ಇಲ್ಲ, ಹಿಮ್ಮಡಿ ನೆಲಕ್ಕೆ ತಾಗಿತೋ ಇಲ್ಲವೋ. ಆ ವರ್ಷ ಗೆದ್ದ ಇಥಿಯೋಪಿಯಾದ ಹೈಲೆ ಲೆಮಿ 2 ಗಂಟೆ 7 ನಿಮಿಷ 32 ಸೆಕೆಂಡಿನಲ್ಲಿ ಮುಗಿಸಿ ಅಲ್ಲಿನ ದಾಖಲೆ ಮಾಡಿದರು. ಅಂದರೆ 100 ಮೀಟರಿಗೆ ಸುಮಾರು 18 ಸೆಕೆಂಡು. ನಿಮ್ಮ ಕಾಲೇಜಿನ ಮೈದಾನದಲ್ಲಿ 100 ಮೀಟರ್ ಅಳೆದು 18 ಸೆಕೆಂಡಿನಲ್ಲಿ ಓಡಿ ನೋಡು. ಆಗುತ್ತದೆ. ಇನ್ನು 421 ಸಲ ಹಾಗೇ ಓಡು.

ಪ್ರಶ್ನೆ: 20,000 ರೂಪಾಯಿಯ ಕಾರ್ಬನ್ ಪ್ಲೇಟ್ ಶೂ ತೆಗೆದುಕೊಳ್ಳಲೇ? (ಸಾಫ್ಟ್‌ವೇರ್ ಇಂಜಿನಿಯರ್, ಬೆಂಗಳೂರು)

ದುಡ್ಡು ನಿಮ್ಮದು. ನಾನಾದರೆ ಕಾಲಿಗೆ ಸರಿಯಾಗುವ ಸಾಧಾರಣ ಶೂ ತೆಗೆದುಕೊಂಡು ಉಳಿದದ್ದರಲ್ಲಿ ಮುಂಬೈಗೆ ಹೋಗಿಬರುವ ಟಿಕೆಟ್, ಎರಡು ದಿನದ ರೂಮು ಮಾಡುತ್ತೇನೆ. ಅಳತೆ ಅರ್ಧ ನಂಬರ್ ದೊಡ್ಡದಿರಲಿ, ಓಡುತ್ತಾ ಪಾದ ಊದುತ್ತದೆ. ನನ್ನ ಬಲಗಾಲಿನ ಹೆಬ್ಬೆರಳಿನ ಉಗುರು ಎರಡು ಸಲ ಕಪ್ಪಾಗಿ ಉದುರಿದೆ.

ಪ್ರಶ್ನೆ: ಓಡುವುದು ನನ್ನ ಗಂಡ. ನಾನೂ ಮಗಳೂ ಜೊತೆಗೆ ಹೋಗುತ್ತೇವೆ. ಎಲ್ಲಿ ನಿಂತರೆ ಅವರು ಸಿಗುತ್ತಾರೆ? (ಶಿಕ್ಷಕಿ, ತುಮಕೂರು)

ಒಳ್ಳೆಯ ಪ್ರಶ್ನೆ. ರಸ್ತೆ ಬಂದ್ ಇರುತ್ತದೆ, ಟ್ಯಾಕ್ಸಿ ನಂಬಬೇಡಿ, ಲೋಕಲ್ ರೈಲು ಹಿಡಿಯಿರಿ. ಮೊದಲು ದಾದರ್‌ನಲ್ಲಿ ಇಳಿದು ಶಿವಾಜಿ ಪಾರ್ಕ್ ಕಡೆ ನಡೆಯಿರಿ. ಅಲ್ಲಿ ಅವರಿಗೆ ನಿಮ್ಮ ಮುಖ ಕಾಣುವುದು ಬಹಳ ಮುಖ್ಯ, ಆಗಷ್ಟೇ ಸೋಲು ಶುರುವಾಗಿರುತ್ತದೆ. ಆಮೇಲೆ ವೆಸ್ಟರ್ನ್ ಲೈನ್ ರೈಲು ಹತ್ತಿ ಮರೀನ್ ಲೈನ್ಸ್‌ನಲ್ಲಿ ಇಳಿಯಿರಿ, ಸಮುದ್ರ ಎದುರಿಗೇ. ಅವಸರ ಬೇಡ, ಅಷ್ಟು ದೂರ ಅವರಿಗೆ ಒಂದೂವರೆ ಗಂಟೆ ಬೇಕು. ನಡುವೆ ನೀವು ಇಡ್ಲಿ ತಿಂದು ಕಾಫಿ ಕುಡಿಯಬಹುದು. ಅದನ್ನು ಅವರಿಗೆ ಹೇಳಬೇಡಿ.

“ಇನ್ನು ಸ್ವಲ್ಪವೇ” ಅಂತ ಕೂಗಬೇಡಿ. 30ನೇ ಕಿಲೋಮೀಟರಿನಲ್ಲಿ ಯಾರೋ ಹಾಗೆ ಅಂದಾಗ ನನಗೆ ಹೊಡೆಯುವಷ್ಟು ಸಿಟ್ಟು ಬಂದಿತ್ತು. ಹೆಸರು ಕೂಗಿ, ಸಾಕು. 2024ರಲ್ಲಿ ಮಾಹಿಮ್ ಹತ್ತಿರ, ಹೆಗಲ ಮೇಲೆ ಟವೆಲ್ ಹಾಕಿದ್ದ ಒಬ್ಬರು ನನ್ನ ಎದೆಯ ನಂಬರ್ ಚೀಟಿ, ಅಂದರೆ ಬಿಬ್ ಮೇಲಿನ ಹೆಸರು ಓದಿ, “ನಿಧಾನ ಬಾ ಮಾರಾಯ್ತಿ, ಯಾರೂ ಅಟ್ಟಿಸ್ಕೊಂಡು ಬರ್ತಾ ಇಲ್ಲ” ಅಂದರು. ಊರು ಯಾವುದು ಅಂತ ಕೇಳಲು ನಿಲ್ಲಬೇಕಿತ್ತು. ನಿಲ್ಲಲಿಲ್ಲ. ನಿಂತರೆ ಮತ್ತೆ ಹೊರಡುವುದು ಕಷ್ಟ ಅಂತ. ಈಗಲೂ ಅದೊಂದು ಕೊರಗು.

ಪ್ರಶ್ನೆ: ಓಟ ಮುಗಿದ ಮೇಲೆ ಏನು ಮಾಡಿದಿರಿ? (ಹೋಟೆಲ್ ಮಾಲೀಕ, ಕುಂದಾಪುರ)

ನೀವು ಮಾಟುಂಗದ ಉಡುಪಿ ಹೋಟೆಲಿನ ಹೆಸರು ಬರಲಿ ಅಂತ ಕೇಳಿದ್ದೀರಿ, ಗೊತ್ತಾಯಿತು. ಅಲ್ಲಿಗೆ ಹೋಗುವ ಆಸೆ ಇತ್ತು, ಕಾಲಿಗೆ ಇರಲಿಲ್ಲ. 2019ರ ಕತೆ ಹೇಳುತ್ತೇನೆ. ಮೆಡಲ್ ಕೊರಳಲ್ಲೇ ಇತ್ತು, ಸಿಎಸ್‌ಎಂಟಿಯಿಂದ ಲೋಕಲ್ ಹತ್ತಿದೆ. ಭಾನುವಾರ, ಕೂರಲು ಜಾಗ ಸಿಕ್ಕಿತು. ಕೂತದ್ದೇ ತಪ್ಪು. ಮುಲುಂಡ್‌ನಲ್ಲಿ ಏಳಲು ಪಕ್ಕದವಳ ಕೈ ಬೇಕಾಯಿತು. ಸೇತುವೆಯ ಮೆಟ್ಟಿಲು ಕಂಬಿ ಹಿಡಿದು ಹತ್ತಿದೆ. ಇಳಿಯಲು ಆಗಲಿಲ್ಲ, ತೊಡೆ ನಡುಗುತ್ತಿತ್ತು. ಕೊನೆಗೆ ಹಿಂದೆ ತಿರುಗಿ, ಏಣಿ ಇಳಿದ ಹಾಗೆ, ಒಂದೊಂದೇ ಮೆಟ್ಟಿಲು ಹಿಮ್ಮುಖವಾಗಿ ಇಳಿದೆ.

ಕೆಳಗೆ ಸೊಪ್ಪು ಮಾರುವ ಹೆಂಗಸು ನನ್ನ ಮೆಡಲನ್ನೇ ನೋಡುತ್ತಿದ್ದಳು. ಎಷ್ಟನೇ ನಂಬರ್ ಬಂದೆ ಅಂತ ಮರಾಠಿಯಲ್ಲಿ ಕೇಳಿದಳು. ಸಾವಿರಗಟ್ಟಲೆ ಜನರ ಹಿಂದೆ ಅಂದೆ. ಸ್ವಲ್ಪ ಯೋಚಿಸಿ, “ನಿನ್ನ ಹಿಂದೆ ಯಾರಾದರೂ ಇದ್ದಾರಾ?” ಅಂದಳು. ಇದ್ದಾರೆ, ಇನ್ನೂ ಬರ್ತಾ ಇದ್ದಾರೆ ಅಂದೆ. “ಹಾಗಾದರೆ ಮೆಂತೆ ತಗೊಂಡು ಹೋಗು, ಎರಡೇ ಕಟ್ಟು ಉಳಿದಿದೆ” ಅಂದಳು. ದುಡ್ಡು ಕೊಟ್ಟೆ. ಬಗ್ಗಿ ತೆಗೆದುಕೊಳ್ಳಲು ಆಗಲಿಲ್ಲ. ಅವಳೇ ಎದ್ದು ಬಂದು ನನ್ನ ಚೀಲಕ್ಕೆ ಹಾಕಿದಳು.